ಬಾಸ್ಮತಿ ಭತ್ತದ ದುಂಡಾಣು ಅಂಗಮಾರಿ ಮತ್ತು ಪೂಸಾದ ನಿರೋಧಕ ತಳಿಗಳು

ಭತ್ತಕ್ಕೆ ತಗಲುವ ದುಂಡಾಣು ರೋಗಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಷ್ಟ ತರುವುದು ದುಂಡಾಣು ಎಲೆ ಅಂಗಮಾರಿ. ಕ್ಸಾಂಥೊಮೊನಾಸ್ ಒರೈಜೇ ಎಂಬ ದುಂಡಾಣು ಇದಕ್ಕೆ ಕಾರಣ. ಏಷ್ಯಾದ ಭತ್ತದ ನಾಡುಗಳಲ್ಲೆಲ್ಲ ಇರುವ ಈ ರೋಗ ಉತ್ತರ ಭಾರತದ ಬಾಸ್ಮತಿ ಸೀಮೆಯನ್ನು ವಿಶೇಷವಾಗಿ ಕಾಡಿದೆ. ದೆಹಲಿಯಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ, ಅಂದರೆ ಜನ ಬಳಕೆಯಲ್ಲಿ ‘ಪೂಸಾ’ ಎಂದು ಕರೆಯುವ ಸಂಸ್ಥೆ, 2007ರಿಂದೀಚೆಗೆ ಈ ರೋಗವನ್ನು ತಾಳಿಕೊಳ್ಳುವ ಬಾಸ್ಮತಿ ತಳಿಗಳನ್ನು ಒಂದರ ಹಿಂದೊಂದು ಹೊರತಂದಿದೆ. ಬೆಳೆಯ ದುಂಡಾಣು ರೋಗವನ್ನು ಜೈವಿಕ ತಂತ್ರಜ್ಞಾನದಿಂದ ತಡೆದು ಅದರ ಫಲವನ್ನು ರೈತನ ಹೊಲದವರೆಗೂ ಮುಟ್ಟಿಸಿದ ಭಾರತದ ಉದಾಹರಣೆಗಳಲ್ಲಿ ಇದು ಮುಂಚೂಣಿಯದು. ಇದರಲ್ಲಿ ಅನ್ಯ ಜೀವಿಯ ವಂಶವಾಹಿಯೂ ಇಲ್ಲ, ಹೊಸ ಔಷಧವೂ ಇಲ್ಲ. ಭತ್ತದ ಬಂಧುಬಳಗದಲ್ಲೇ ಇದ್ದ ಗುಣವನ್ನು ಅಕ್ಕಿಯ ರುಚಿ, ಉದ್ದ, ಪರಿಮಳ ಕೆಡದಂತೆ ಬಾಸ್ಮತಿಗೆ ದಾಟಿಸಿದ ಕೆಲಸ ಇದು.

ರೋಗದ ಲಕ್ಷಣ

ಎಲೆಯ ತುದಿಯಲ್ಲೋ ಅಂಚಿನಲ್ಲೋ ನೀರು ಹೀರಿದಂಥ ಹಸಿರು ಮಚ್ಚೆ ಮೊದಲು ಕಾಣುತ್ತದೆ. ಅದು ಅಂಚಿನುದ್ದಕ್ಕೂ ಅಂಕುಡೊಂಕಾಗಿ ಕೆಳಗಿಳಿದು ಹಳದಿಯಾಗಿ, ಕೊನೆಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ರೋಗ ಬಲಿತ ಗದ್ದೆಯನ್ನು ದೂರದಿಂದ ನೋಡಿದವರಿಗೆ ಬಿಸಿಗಾಳಿ ಹೊಡೆದು ಸುಟ್ಟಿದೆ ಅನ್ನಿಸಬಹುದು. ಹರಿಯಾಣದ ರೈತರು ಇದನ್ನು ‘ಝುಲ್ಸಾ’ ಎನ್ನುವುದು ಅದಕ್ಕೇ. ನಾಟಿಯಾದ ಕೆಲವೇ ವಾರಗಳಲ್ಲಿ ತಗುಲಿದರೆ ಇಡೀ ಬುಡವೇ ಸೊರಗಿ ಸಾಯುವುದುಂಟು. ತೆನೆ ಕಟ್ಟುವ ಹೊತ್ತಿಗೆ ಬಂದರೆ ಗಿಡ ಸಾಯುವುದಿಲ್ಲ, ಆದರೆ ಕಾಳು ತುಂಬದೆ ಜೊಳ್ಳಾಗುತ್ತದೆ. ಅಕ್ಕಿ ಮಾಡಿಸಿದಾಗ ನುಚ್ಚು ಹೆಚ್ಚುತ್ತದೆ. ಉದ್ದನೆಯ ಇಡೀ ಕಾಳಿಗೇ ಬೆಲೆ ಕಟ್ಟುವ ಬಾಸ್ಮತಿಯಲ್ಲಿ ಈ ಎರಡನೆಯ ನಷ್ಟವೂ ಮೊದಲನೆಯದರಷ್ಟೇ ದೊಡ್ಡದು.

ಗದ್ದೆಯಲ್ಲೇ ರೋಗ ಗುರುತಿಸಲು ಹಳೆಯ ಪರೀಕ್ಷೆಯೊಂದಿದೆ. ರೋಗ ತಗುಲಿದ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ ಕತ್ತರಿಸಿದ ತುದಿಯಿಂದ ಹಾಲಿನಂಥ ದ್ರವ ಎಳೆಎಳೆಯಾಗಿ ಇಳಿಯುತ್ತದೆ. ಆ ಬಿಳುಪೆಲ್ಲ ದುಂಡಾಣುವಿನ ಹಿಂಡು. ಶಿಲೀಂಧ್ರದಿಂದ ಬರುವ ಬೆಂಕಿ ರೋಗದಲ್ಲಾಗಲಿ ಪೋಷಕಾಂಶದ ಕೊರತೆಯಲ್ಲಾಗಲಿ ಹೀಗೆ ಬಿಳಿ ಇಳಿಯುವುದಿಲ್ಲ.

ಗಾಳಿಯೊಡನೆ ಬರುವ ಮಳೆ ಈ ದುಂಡಾಣುವಿನ ವಾಹನ. ಎಲೆಯಂಚಿನಲ್ಲಿ ನೀರು ಒಸರುವ ಸಹಜ ರಂಧ್ರಗಳಿಂದಲೂ ಎಲೆ ಎಲೆಗೆ ತಿಕ್ಕಿ ಆದ ಗಾಯಗಳಿಂದಲೂ ಅದು ಒಳಹೊಕ್ಕು ನೀರು ಸಾಗಿಸುವ ನಾಳಗಳಲ್ಲಿ ನೆಲೆಯೂರುತ್ತದೆ. ಹಾಗಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳ ಬಿರುಮಳೆಯ ನಂತರ ರೋಗ ಒಮ್ಮೆಲೇ ಭುಗಿಲೇಳುತ್ತದೆ. ಯೂರಿಯಾ ಹೆಚ್ಚು ಉಂಡು ಕಡುಹಸಿರಾಗಿ ಸೊಂಪಾಗಿ ನಿಂತ ಗದ್ದೆಯೇ ಮೊದಲು ಬಲಿಯಾಗುವುದು. ನಾಟಿಗೆ ಮುಂಚೆ ಸಸಿಯ ತುದಿ ಚಿವುಟುವ ರೂಢಿ ಹಲವು ಕಡೆ ಇದೆ. ಕಾಂಡಕೊರಕದ ಮೊಟ್ಟೆ ಹೋಗಲೆಂದು ಮಾಡುವ ಆ ಕೆಲಸ ಅಂಗಮಾರಿಗೆ ದಾರಿ ಮಾಡಿಕೊಡುತ್ತದೆ. ಪ್ರಯೋಗಾಲಯದಲ್ಲಿ ರೋಗ ಹತ್ತಿಸಿ ಪರೀಕ್ಷಿಸುವ ವಿಧಾನವೂ ಇದೇ: ದುಂಡಾಣು ಕದಡಿದ ನೀರಿನಲ್ಲಿ ಕತ್ತರಿ ಅದ್ದಿ ಎಲೆಯ ತುದಿ ಕತ್ತರಿಸುವುದು, ಎರಡು ಮೂರು ವಾರ ಬಿಟ್ಟು ಮಚ್ಚೆಯ ಉದ್ದ ಅಳೆಯುವುದು.

ಭಾರತಕ್ಕೆ ಬಂದ ಬಗೆ

1884ರ ಸುಮಾರಿಗೆ ಜಪಾನಿನ ಫುಕುವೋಕಾ ಪ್ರಾಂತದ ರೈತರು ಈ ರೋಗವನ್ನು ಮೊದಲು ಗಮನಿಸಿದರು. ಭಾರತದ ಮೊದಲ ವರದಿ 1951ರದು, ಮಹಾರಾಷ್ಟ್ರದ ಕಡೆಯದು. ದೇಶದ ಗಮನ ಸೆಳೆದದ್ದು 1963ರಲ್ಲಿ ಬಿಹಾರದ ಶಹಾಬಾದ್ ಜಿಲ್ಲೆಯಲ್ಲಿ ರೋಗ ಸಾಂಕ್ರಾಮಿಕವಾಗಿ ಹಬ್ಬಿದಾಗ. ಹಸಿರು ಕ್ರಾಂತಿಯ ಗಿಡ್ಡ ತಳಿಗಳು, ಅವುಗಳ ಜೊತೆಗೆ ಬಂದ ಗೊಬ್ಬರ ಮತ್ತು ಒತ್ತಾದ ನಾಟಿ ಅದರ ನೆಲೆಯನ್ನು ಇನ್ನಷ್ಟು ಹಿಗ್ಗಿಸಿದವು. 1979 ಮತ್ತು 1980ರಲ್ಲಿ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶಗಳ ಭತ್ತವನ್ನು ಅದು ತೀವ್ರವಾಗಿ ಬಾಧಿಸಿತು. ಶತಮಾನಗಳಿಂದ ಭತ್ತವನ್ನೇ ಬೆಳೆದ ನಾಡುಗಳಲ್ಲ ಇವು. ಕಾಲುವೆ ಮತ್ತು ಕೊಳವೆಬಾವಿಯ ನೀರಿನಿಂದ ಹೊಸದಾಗಿ ಭತ್ತಕ್ಕೆ ಒಲಿದ ಗೋಧಿಯ ಬಯಲುಗಳು.

ಇಂದು ರಾಷ್ಟ್ರ ರಾಜಧಾನಿ ಪ್ರದೇಶ ಎಂದು ಗುರುತಿಸಿರುವ ವಲಯದೊಳಗೆ ಸೋನಿಪತ್, ಪಾಣಿಪತ್, ಕರ್ನಾಲ್, ಜೀಂದ್, ಮೇರಠ್, ಮುಜಫ್ಫರ್‌ನಗರ, ಬುಲಂದ್‌ಶಹರ್ ಎಲ್ಲವೂ ಬರುತ್ತವೆ. ಮೆಟ್ರೊ, ಮಾಲ್, ಐಟಿ ಕಚೇರಿಗಳ ಆಚೆ ಈ ಪ್ರದೇಶದ ದೊಡ್ಡ ಭಾಗ ಮುಂಗಾರಿನಲ್ಲಿ ಬಾಸ್ಮತಿ ಗದ್ದೆಯೇ. ದೆಹಲಿಯ ಉತ್ತರ ಅಂಚಿನ ನರೇಲಾದಲ್ಲಿ ಇಂದಿಗೂ ಭತ್ತದ ಮಂಡಿ ನಡೆಯುತ್ತದೆ. ಬಾಸ್ಮತಿಗೆ 2016ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯ ಗಡಿಯೊಳಗೆ ಪಂಜಾಬ್, ಹರಿಯಾಣ, ಹಿಮಾಚಲ, ಉತ್ತರಾಖಂಡಗಳ ಜೊತೆ ದೆಹಲಿಯೂ ಇದೆ. ಪಶ್ಚಿಮ ಉತ್ತರ ಪ್ರದೇಶ ಮತ್ತು ಜಮ್ಮು ಭಾಗದ ಜಿಲ್ಲೆಗಳೂ ಸೇರಿವೆ. 2023–24ರಲ್ಲಿ ಭಾರತ ರಫ್ತು ಮಾಡಿದ ಬಾಸ್ಮತಿ ಸುಮಾರು 52 ಲಕ್ಷ ಟನ್, ಅದರ ಮೌಲ್ಯ ಸುಮಾರು 48 ಸಾವಿರ ಕೋಟಿ ರೂಪಾಯಿ. ಒಂದು ಎಲೆರೋಗದ ಹಿಂದೆ ಇಷ್ಟೊಂದು ವಿಜ್ಞಾನ ಬಿದ್ದದ್ದೇಕೆ ಎಂಬುದಕ್ಕೆ ಅರ್ಧ ಉತ್ತರ ಈ ಅಂಕಿಗಳಲ್ಲಿದೆ.

ಸಿಂಪಡಣೆಯ ಮಿತಿ

ಶಿಲೀಂಧ್ರ ರೋಗಕ್ಕೆ ಅಂಗಡಿಯಲ್ಲಿ ಹತ್ತಾರು ಔಷಧ ಸಿಗುತ್ತವೆ. ದುಂಡಾಣುವಿಗೆ ಹಾಗಿಲ್ಲ. ತಾಮ್ರದ ಆಕ್ಸಿಕ್ಲೋರೈಡ್ ಒಂದು. ಸ್ಟ್ರೆಪ್ಟೊಸೈಕ್ಲಿನ್ ಎಂಬ ಹೆಸರಿನಲ್ಲಿ ರೈತರಿಗೆಲ್ಲ ಪರಿಚಿತವಾದ, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಪುಡಿ ಇನ್ನೊಂದು. ನಾಳದೊಳಗೆ ಸೇರಿಕೊಂಡ ದುಂಡಾಣುವಿಗೆ ಎಲೆಯ ಮೇಲಿನ ಸಿಂಪಡಣೆ ಅಷ್ಟಾಗಿ ತಾಗುವುದಿಲ್ಲ. ಮಳೆಗಾಲದಲ್ಲಿ ಹೊಡೆದದ್ದು ತೊಳೆದೂ ಹೋಗುತ್ತದೆ. ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆ. ಕ್ಷಯರೋಗಿಯ ಚಿಕಿತ್ಸೆಗೆ ಬೇಕಾದ ಔಷಧವನ್ನು ಗದ್ದೆಗೆ ಚೆಲ್ಲಿದರೆ, ಔಷಧಕ್ಕೆ ಜಗ್ಗದ ದುಂಡಾಣುಗಳು ಮಣ್ಣು ನೀರುಗಳಲ್ಲಿ ಹೆಚ್ಚಿಕೊಳ್ಳುತ್ತವೆ ಎಂಬ ಭಯ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಕೃಷಿ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತು.

ಕೊಳ್ಳುವವರ ಒತ್ತಡವೂ ಇದೆ. ಬೆಂಕಿ ರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಅಕ್ಕಿಯಲ್ಲಿ ಉಳಿಯಬಹುದಾದ ಮಿತಿಯನ್ನು ಯುರೋಪಿನ ಒಕ್ಕೂಟ ಕಿಲೋಗೆ 1 ಮಿಲಿಗ್ರಾಂನಿಂದ 0.01 ಮಿಲಿಗ್ರಾಂಗೆ ಇಳಿಸಿತು. ಅಲ್ಲಿಂದ ಮುಂದೆ ಬಾಸ್ಮತಿಯ ಸರಕು ಪ್ರಯೋಗಾಲಯದ ವರದಿ ಹಿಡಿದೇ ಹಡಗು ಹತ್ತಬೇಕಾಯಿತು. ಔಷಧ ಕಡಿಮೆ ಬೇಡುವ ತಳಿ ರೈತನಿಗೆ ಖರ್ಚಿನ ಉಳಿತಾಯವಾದರೆ ರಫ್ತುದಾರನಿಗೆ ವ್ಯಾಪಾರದ ಪ್ರಶ್ನೆ. ಪೂಸಾದ ತಳಿಗಳಿಗೆ ಬೇಡಿಕೆ ಬಂದದ್ದರಲ್ಲಿ ಈ ಎರಡನೆಯ ಕಾರಣದ ಪಾಲು ಕಡಿಮೆಯೇನಲ್ಲ.

ಎರಡು ವಂಶವಾಹಿಗಳು

ಅಂಗಮಾರಿಗೆ ನಿರೋಧ ಒಡ್ಡುವ ನಲವತ್ತಕ್ಕೂ ಹೆಚ್ಚು ವಂಶವಾಹಿಗಳನ್ನು ಭತ್ತದಲ್ಲೂ ಅದರ ಕಾಡು ಬಂಧುಗಳಲ್ಲೂ ಗುರುತಿಸಲಾಗಿದೆ. ಬಾಸ್ಮತಿಯ ಕಥೆಯಲ್ಲಿ ಮುಖ್ಯವಾದವು ಎರಡು: ಎಕ್ಸ್‌ಎ21 ಮತ್ತು ಎಕ್ಸ್‌ಎ13.

ಎಕ್ಸ್‌ಎ21ರ ಮೂಲ ಆಫ್ರಿಕದ ಮಾಲಿ ದೇಶದ ಕಾಡುಭತ್ತ, ಒರೈಜಾ ಲಾಂಜಿಸ್ಟಾಮಿನೇಟಾ. ಊಟಕ್ಕೆ ಬಾರದ, ಕಳೆಯಂತೆ ಬೆಳೆಯುವ ಈ ಹುಲ್ಲಿಗೆ ಅಂಗಮಾರಿ ತಾಗುವುದಿಲ್ಲ ಎಂಬುದು ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಕಂಡುಬಂತು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಸಿಂಗ್ ಖುಷ್ ಅವರ ತಂಡ ಆ ಗುಣವನ್ನು ವರ್ಷಗಟ್ಟಲೆ ಮರುಸಂಕರಣ ಮಾಡಿ ಐಆರ್24 ಎಂಬ ಸಾಗುವಳಿ ಭತ್ತಕ್ಕೆ ತಂದಿತು. 1995ರಲ್ಲಿ ಕ್ಯಾಲಿಫೋರ್ನಿಯಾದ ಪಮೇಲಾ ರೊನಾಲ್ಡ್ ಅವರ ತಂಡ ಈ ವಂಶವಾಹಿಯನ್ನೇ ಪ್ರತ್ಯೇಕಿಸಿತು. ಜೀವಕೋಶದ ಹೊರಪೊರೆಯಲ್ಲಿ ಕೂತು ದುಂಡಾಣುವಿನ ಇರವನ್ನು ಪತ್ತೆಹಚ್ಚಿ ಒಳಗೆ ಸುದ್ದಿ ಮುಟ್ಟಿಸುವ ಪ್ರೋಟೀನನ್ನು ಇದು ತಯಾರಿಸುತ್ತದೆ. ಅದು ಪತ್ತೆಹಚ್ಚುವುದು ದುಂಡಾಣುವಿನ ಯಾವ ಅಂಶವನ್ನು ಎಂಬ ಪ್ರಶ್ನೆ ಇಪ್ಪತ್ತು ವರ್ಷ ಕಾಡಿತು. ನಡುವೆ ಪ್ರಕಟವಾದ ಒಂದು ಉತ್ತರ ತಪ್ಪೆಂದು ಗೊತ್ತಾಗಿ ಅದೇ ತಂಡ ಪ್ರಬಂಧವನ್ನು ಹಿಂತೆಗೆದುಕೊಂಡಿತು. ರ‍್ಯಾಕ್ಸ್‌ಎಕ್ಸ್ ಎಂಬ ಪುಟ್ಟ ಪ್ರೋಟೀನೇ ಆ ಸುಳಿವು ಎಂದು 2015ರಲ್ಲಿ ಖಚಿತವಾಯಿತು. ಎಕ್ಸ್‌ಎ21ರ ಒಂದು ಕೊರತೆ ಎಂದರೆ ಎಳೆಯ ಸಸಿಯಲ್ಲಿ ಅದರ ಶಕ್ತಿ ಕಡಿಮೆ. ಗಿಡ ಬಲಿತಂತೆ ಅದೂ ಬಲಿಯುತ್ತದೆ.

ಎಕ್ಸ್‌ಎ13 ನಮ್ಮದೇ ದೇಶದ್ದು, ಬಿಜೆ1 ಎಂಬ ಭಾರತೀಯ ತಳಿಯಿಂದ ಬಂದದ್ದು. ಇದು ಕೆಲಸ ಮಾಡುವ ರೀತಿ ಬೇರೆ. ದುಂಡಾಣು ಗಿಡದ ಕೋಶದೊಳಗೆ ತನ್ನ ಪ್ರೋಟೀನೊಂದನ್ನು ಚುಚ್ಚಿ, ಸಕ್ಕರೆಯನ್ನು ಹೊರಗೆ ಬಿಡುವ ಸ್ವೀಟ್11 ಎಂಬ ವಂಶವಾಹಿಯನ್ನು ಎಬ್ಬಿಸುತ್ತದೆ. ಊರ ಕೆರೆಯ ತೂಬನ್ನು ಕಳ್ಳನೊಬ್ಬ ರಾತ್ರೋರಾತ್ರಿ ಎತ್ತಿ ತನ್ನ ಗದ್ದೆಗೆ ನೀರು ಹರಿಸಿಕೊಂಡ ಹಾಗೆ, ಸೋರಿದ ಸಕ್ಕರೆ ಉಂಡು ದುಂಡಾಣು ಹೆಚ್ಚುತ್ತದೆ. ಎಕ್ಸ್‌ಎ13 ಇರುವ ಗಿಡದಲ್ಲಿ ಅದೇ ವಂಶವಾಹಿಯ ನಿಯಂತ್ರಣ ಭಾಗ ಕೊಂಚ ಬದಲಾಗಿರುವುದರಿಂದ ದುಂಡಾಣುವಿನ ಪ್ರೋಟೀನ್ ಅಲ್ಲಿ ಹಿಡಿತ ಸಾಧಿಸಲಾರದು. ಗಿಡ ಹೋರಾಡಿ ಗೆಲ್ಲುತ್ತದೆ ಎನ್ನುವುದಕ್ಕಿಂತ ದುಂಡಾಣು ಹಸಿದು ಸೋಲುತ್ತದೆ ಎನ್ನುವುದು ಸರಿ. ಈ ವಂಶವಾಹಿ ಪರಾಗ ಬೆಳೆಯುವುದಕ್ಕೂ ಬೇಕಾದದ್ದು, ಆದ್ದರಿಂದ ಅದನ್ನು ಪೂರ್ತಿ ಕಿತ್ತುಹಾಕಿದರೆ ಕಾಳೇ ಕಟ್ಟದು. ನಿಸರ್ಗದಲ್ಲಿ ಉಳಿದುಬಂದ ರೂಪದಲ್ಲಿ ಪರಾಗದ ಕೆಲಸಕ್ಕೆ ಧಕ್ಕೆಯಿಲ್ಲ, ದುಂಡಾಣುವಿನ ಹಿಡಿತ ಮಾತ್ರ ತಪ್ಪಿದೆ.

ಒಂದನ್ನೇ ನೆಚ್ಚಿದರೆ ಅದನ್ನು ಮೀರುವ ದುಂಡಾಣು ಬೇಗ ಹುಟ್ಟಿಕೊಳ್ಳುತ್ತದೆ. ಎಕ್ಸ್‌ಎ4 ಒಂದನ್ನೇ ಹೊತ್ತ ತಳಿಗಳು ಆಗ್ನೇಯ ಏಷ್ಯಾದಲ್ಲಿ 1970ರ ದಶಕದಲ್ಲಿ ಹೀಗೇ ಸೋತವು. ಬೇರೆ ಬೇರೆ ರೀತಿಯಲ್ಲಿ ದುಡಿಯುವ ಎರಡು ಮೂರು ವಂಶವಾಹಿಗಳನ್ನು ಒಂದೇ ಗಿಡದಲ್ಲಿ ಪೇರಿಸುವ ಆಲೋಚನೆ ಬಂದದ್ದು ಈ ಅನುಭವದಿಂದ. ಎಕ್ಸ್‌ಎ13 ಮತ್ತು ಎಕ್ಸ್‌ಎ21 ಎರಡನ್ನೂ ಹೊತ್ತ ಐಆರ್‌ಬಿಬಿ55 ಎಂಬ ಸಾಲು ಫಿಲಿಪೀನ್ಸಿನಲ್ಲಿ ಸಿದ್ಧವಾಗಿತ್ತು. ಪೂಸಾ ತನ್ನ ಬಾಸ್ಮತಿಗೆ ದಾನಿಯಾಗಿ ಆರಿಸಿಕೊಂಡದ್ದು ಇದನ್ನೇ.

ಪೂಸಾದಲ್ಲಿ ನಡೆದ ಕೆಲಸ

ಪೂಸಾ ಎಂಬುದು ಬಿಹಾರದ ಒಂದು ಊರು. 1905ರಲ್ಲಿ ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ ಅಲ್ಲಿ ಆರಂಭವಾದ ಸಂಸ್ಥೆಯ ಕಟ್ಟಡ 1934ರ ಜನವರಿಯ ಭೂಕಂಪದಲ್ಲಿ ಹಾಳಾಯಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು, ಊರಿನ ಹೆಸರೂ ಜೊತೆಗೆ ಬಂತು. ಈಗ ಅದೇ ಆವರಣದಲ್ಲಿ ರಾಷ್ಟ್ರೀಯ ಸಸ್ಯ ಜೈವಿಕ ತಂತ್ರಜ್ಞಾನ ಸಂಸ್ಥೆಯೂ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋವೂ ಇವೆ. ಭತ್ತದ ಇಡೀ ಜೀನೋಮನ್ನು ಓದಿದ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತದ ಪಾಲಿಗೆ ಬಂದದ್ದು 11ನೆಯ ವರ್ಣತಂತುವಿನ ಒಂದು ಭಾಗ. ಅದನ್ನು ಪೂಸಾ ಆವರಣದ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದವರೂ ಹಂಚಿಕೊಂಡು ಓದಿದರು. ಪೂರ್ಣ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಎಕ್ಸ್‌ಎ21 ಇರುವುದೂ ಇದೇ 11ನೆಯ ವರ್ಣತಂತುವಿನಲ್ಲಿ.

ಇನ್ನು ಬಾಸ್ಮತಿ. ಹಳೆಯ ಬಾಸ್ಮತಿಗಳು ಎತ್ತರಕ್ಕೆ ಬೆಳೆದು ಬೀಳುವ, ಇಳುವರಿ ಕಡಿಮೆಯಿರುವ ತಳಿಗಳು. 1989ರಲ್ಲಿ ಬಿಡುಗಡೆಯಾದ ಪೂಸಾ ಬಾಸ್ಮತಿ 1 ಮೊದಲ ಗಿಡ್ಡ ಬಾಸ್ಮತಿ. 2003ರಲ್ಲಿ ಬಂದ ಪೂಸಾ 1121ರ ಕಾಳು ಬೇಯಿಸಿದಾಗ 20 ಮಿಲಿಮೀಟರಿನ ಆಸುಪಾಸಿಗೆ ನೀಳುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಬಿರಿಯಾನಿ ಅಕ್ಕಿಯೆಂದು ಮಾರುವ ಚೀಲಗಳಲ್ಲೂ ಈ ಸಂಖ್ಯೆ ಕಾಣಸಿಗುತ್ತದೆ. ಈ ತಳಿಗಳ ಹಿಂದೆ ದುಡಿದ ವಿ. ಪಿ. ಸಿಂಗ್ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಇಳುವರಿ ಬಂತು, ಉದ್ದ ಬಂತು, ಹೊರದೇಶದ ಹಣ ಬಂತು. ಅಂಗಮಾರಿಯನ್ನು ತಡೆಯುವ ಶಕ್ತಿ ಮಾತ್ರ ಈ ಎರಡರಲ್ಲಿ ಯಾವುದಕ್ಕೂ ಇರಲಿಲ್ಲ.

ಐಆರ್‌ಬಿಬಿ55ನ್ನು ಬಾಸ್ಮತಿಯೊಡನೆ ಸಂಕರಿಸಿದರೆ ನಿರೋಧಕ ಗುಣ ಬರುತ್ತದೆ. ಆದರೆ ಜೊತೆಯಲ್ಲಿ ದಪ್ಪ ಕಾಳು, ಪರಿಮಳವಿಲ್ಲದ ಅನ್ನವೂ ಬರುತ್ತದೆ. ಹೀಗಾಗಿ ಹುಟ್ಟಿದ ಗಿಡವನ್ನು ಮತ್ತೆ ಬಾಸ್ಮತಿಯೊಡನೆ ಕೂಡಿಸಿ ದಾನಿಯ ಬೇಡದ ಪಾಲನ್ನು ಕಳೆಯುತ್ತ ಹೋಗಬೇಕು. ತಳಿವರ್ಧಕರು ನೂರು ವರ್ಷದಿಂದ ಮಾಡುತ್ತ ಬಂದಿರುವ ಕೆಲಸವೇ ಇದು. ಇಲ್ಲಿ ಎರಡು ತೊಡಕುಗಳಿದ್ದವು. ಎಕ್ಸ್‌ಎ13 ಸುಪ್ತ ಸ್ವಭಾವದ್ದು, ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಗಿಡದಲ್ಲಿ ಅದರ ಗುಣ ತೋರುತ್ತದೆ. ಮರುಸಂಕರಣದ ಪೀಳಿಗೆಯಲ್ಲಿ ಅದು ಒಂದೇ ಕಡೆಯಿಂದ ಬಂದಿರುವುದರಿಂದ, ದುಂಡಾಣು ಹಚ್ಚಿ ಎಷ್ಟು ಪರೀಕ್ಷಿಸಿದರೂ ಅದನ್ನು ಹೊತ್ತ ಗಿಡ ಯಾವುದು ಎಂದು ತಿಳಿಯದು. ಎಕ್ಸ್‌ಎ21 ಜೊತೆಗಿದ್ದರೆ ಇನ್ನೂ ಕಷ್ಟ: ಗಿಡ ಆರೋಗ್ಯವಾಗಿ ನಿಂತಿದ್ದರೆ ಅದರೊಳಗೆ ಒಂದು ವಂಶವಾಹಿ ಇದೆಯೋ ಎರಡೋ ಎಂದು ಹೊರಗಿನಿಂದ ಹೇಳುವ ದಾರಿಯೇ ಇಲ್ಲ.

ಡಿಎನ್‌ಎ ಮಾರ್ಕರ್ ಈ ಕುರುಡನ್ನು ಹೋಗಲಾಡಿಸಿತು. ಬೇಕಾದ ವಂಶವಾಹಿಯ ಒಳಗೋ ಅದಕ್ಕೆ ಅಂಟಿಕೊಂಡಂತೆಯೋ ಇರುವ, ಸುಲಭವಾಗಿ ಗುರುತಿಸಬಹುದಾದ ಡಿಎನ್‌ಎ ತುಣುಕು ಅದು. ಎಳೆಯ ಸಸಿಯ ಎಲೆಯ ಚೂರೊಂದನ್ನು ಅರೆದು ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ಆ ತುಣುಕನ್ನು ಹೆಚ್ಚಿಸಿ, ಜೆಲ್‌ನಲ್ಲಿ ಓಡಿಸಿದರೆ ಪಟ್ಟಿಗಳು ಮೂಡುತ್ತವೆ. ಎಕ್ಸ್‌ಎ21ಕ್ಕೆ ಪಿಟಿಎ248, ಎಕ್ಸ್‌ಎ13ಕ್ಕೆ ಆರ್‌ಜಿ136 ಎಂಬ ಮಾರ್ಕರ್‌ಗಳು ಬಳಕೆಯಾದವು. ನೂರಾರು ಸಸಿಗಳಲ್ಲಿ ಎರಡನ್ನೂ ಹೊತ್ತ ಕೆಲವನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ನಾಟಿಗೆ ಮುಂಚೆಯೇ ಬಿಸಾಡಬಹುದು. ಬೇರೆ ಮಾರ್ಕರ್‌ಗಳ ನೆರವಿನಿಂದ, ಉಳಿದವುಗಳಲ್ಲಿ ಬಾಸ್ಮತಿಯ ಅಂಶ ಯಾವುದರಲ್ಲಿ ಹೆಚ್ಚು ಎಂದೂ ನೋಡಬಹುದು.

ಇಷ್ಟನ್ನು ಕೇಳಿದವರಿಗೆ ಯಂತ್ರವೇ ಎಲ್ಲವನ್ನೂ ಮಾಡಿತು ಅನ್ನಿಸೀತು. ಹಾಗೇನಿಲ್ಲ. ಪರಿಮಳಕ್ಕೆ ಕಾರಣವಾದ ವಂಶವಾಹಿಯೂ ಎಕ್ಸ್‌ಎ13 ಇರುವ ಅದೇ 8ನೆಯ ವರ್ಣತಂತುವಿನಲ್ಲಿದೆ. ನಿರೋಧಕ ಗುಣವನ್ನು ದಾನಿಯಿಂದಲೂ ಪರಿಮಳವನ್ನು ಬಾಸ್ಮತಿಯಿಂದಲೂ ಪಡೆದ ಗಿಡ ಬೇಕೆಂದರೆ ಆ ವರ್ಣತಂತು ಎರಡರ ನಡುವೆ ಎಲ್ಲೋ ತುಂಡಾಗಿ ಕೂಡಿಕೊಂಡಿರಬೇಕು. ಆಮೇಲೆ ಕಾಳಿನ ಉದ್ದ ಅಗಲ ಅಳೆಯಬೇಕು, ಬೇಯಿಸಿ ಎಷ್ಟು ನೀಳಿತು ನೋಡಬೇಕು, ಕ್ಷಾರದಲ್ಲಿ ಕಾಳು ಎಷ್ಟು ಹರಡಿತು ನೋಡಬೇಕು, ಮೂಗಿಗೆ ಹಿಡಿದು ಪರಿಮಳ ಪರೀಕ್ಷಿಸಬೇಕು. ಪೂಸಾದ ತಂಡ ಮಾರ್ಕರ್‌ಗೆ ಕೊಟ್ಟಷ್ಟೇ ಮಹತ್ವವನ್ನು ಈ ಹಳೆಯ ಕಣ್ಣು ಮೂಗಿನ ಆಯ್ಕೆಗೂ ಕೊಟ್ಟಿತು. ದುಂಡಾಣುವನ್ನು ಸೋಲಿಸುವುದಕ್ಕಿಂತ ಅಕ್ಕಿ ವ್ಯಾಪಾರಿಯನ್ನು ಒಪ್ಪಿಸುವುದೇ ಇಲ್ಲಿ ಕಷ್ಟದ ಭಾಗವಾಗಿತ್ತು ಎಂದರೂ ತಪ್ಪಾಗದು. ಸಮಯ ಉಳಿಸಲು ಮುಂಗಾರಿನಲ್ಲಿ ದೆಹಲಿಯಲ್ಲಿ ಒಂದು ಪೀಳಿಗೆ, ಅಲ್ಲಿ ಚಳಿ ಬಿದ್ದಾಗ ತಮಿಳುನಾಡಿನ ಅಡುತುರೈ ಕೇಂದ್ರದಲ್ಲಿ ಇನ್ನೊಂದು ಪೀಳಿಗೆ, ಹೀಗೆ ವರ್ಷಕ್ಕೆ ಎರಡು ಪೀಳಿಗೆ ಬೆಳೆಸುವ ಏರ್ಪಾಟು ಪೂಸಾಕ್ಕಿದೆ.

ತಳಿಗಳು

2007ರಲ್ಲಿ ಬಿಡುಗಡೆಯಾದ ಸುಧಾರಿತ ಪೂಸಾ ಬಾಸ್ಮತಿ 1 (ಪೂಸಾ 1460) ಈ ದಾರಿಯ ಮೊದಲ ಫಲ. ಮಾರ್ಕರ್ ನೆರವಿನಿಂದ ಭಾರತದಲ್ಲಿ ತಯಾರಾಗಿ ರೈತರಿಗೆ ಸಿಕ್ಕ ಮೊದಲ ಭತ್ತದ ತಳಿಗಳಲ್ಲಿ ಇದೂ ಒಂದು. ವಿಜ್ಞಾನದ ದೃಷ್ಟಿಯಿಂದ ಇದು ಮೈಲಿಗಲ್ಲಾದರೂ ಗದ್ದೆಯಲ್ಲಿ ಅಷ್ಟು ಸದ್ದು ಮಾಡಲಿಲ್ಲ. ಇದು ಬರುವ ಹೊತ್ತಿಗೆ ರೈತರು 1121ರ ಕಡೆ ಹೊರಳಿದ್ದರು, ಮಾರುಕಟ್ಟೆ ಹಳೆಯ ಕಾಳನ್ನು ಬಿಟ್ಟು ಮುಂದೆ ಹೋಗಿತ್ತು. ತಳಿ ಸಂಶೋಧನೆಯಲ್ಲಿ ಇಂಥ ತಡ ಹೊಸದಲ್ಲ. ಸಂಕರಣದ ದಿನ ಜನಪ್ರಿಯವಾಗಿದ್ದ ತಳಿ ಬಿಡುಗಡೆಯ ದಿನಕ್ಕೂ ಹಾಗೇ ಉಳಿದಿರುತ್ತದೆಂಬ ಖಾತರಿ ಯಾರಿಗೂ ಇಲ್ಲ.

ಮುಂದಿನ ಸುತ್ತಿನಲ್ಲಿ ಅದೇ ಎರಡು ವಂಶವಾಹಿಗಳನ್ನು ಗದ್ದೆಯಲ್ಲಿ ಚಾಲ್ತಿಯಲ್ಲಿದ್ದ ತಳಿಗಳಿಗೇ ಸೇರಿಸಲಾಯಿತು. ಪೂಸಾ ಬಾಸ್ಮತಿ 6ರ ಸುಧಾರಿತ ರೂಪ ಪೂಸಾ ಬಾಸ್ಮತಿ 1728 ಎಂದು 2016ರಲ್ಲಿ, 1121ರ ಸುಧಾರಿತ ರೂಪ ಪೂಸಾ ಬಾಸ್ಮತಿ 1718 ಎಂದು 2017ರಲ್ಲಿ ಬಂದವು. 2021ರಲ್ಲಿ ಬಂದ ಮೂರು ತಳಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟವು: ಪೂಸಾ ಬಾಸ್ಮತಿ 1509ರ ಸುಧಾರಿತ ರೂಪ 1847, 1121ರ ರೂಪ 1885, ಪೂಸಾ ಬಾಸ್ಮತಿ 6ರ ರೂಪ 1886. ಇವುಗಳಲ್ಲಿ ಅಂಗಮಾರಿಯ ಎರಡು ವಂಶವಾಹಿಗಳ ಜೊತೆ ಬೆಂಕಿ ರೋಗಕ್ಕೆ ನಿರೋಧ ಕೊಡುವ ಪಿಐ2 ಮತ್ತು ಪಿಐ54 ಎಂಬ ಇನ್ನೆರಡೂ ಸೇರಿವೆ. ಪಿಐ54ನ್ನು ಪ್ರತ್ಯೇಕಿಸಿದ ಕೆಲಸ ನಡೆದದ್ದೂ ಪೂಸಾ ಆವರಣದಲ್ಲೇ. 1847 ಸುಮಾರು 125 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಉಳಿದೆರಡಕ್ಕೆ ಎರಡು ಮೂರು ವಾರ ಹೆಚ್ಚು ಬೇಕು. ಟ್ರೈಸೈಕ್ಲಜೋಲ್ ಮತ್ತು ಸ್ಟ್ರೆಪ್ಟೊಸೈಕ್ಲಿನ್ ಎರಡರ ಹಂಗನ್ನೂ ತಪ್ಪಿಸುವ ಉದ್ದೇಶ ಇಲ್ಲಿ ಸ್ಪಷ್ಟ.

ಬೀಜ ಗಡಿಯನ್ನೂ ದಾಟಿತು. ಪೂಸಾದ ಈ ಹೊಸ ತಳಿಗಳು ಪಾಕಿಸ್ತಾನದ ಪಂಜಾಬಿನಲ್ಲಿ ಅನುಮತಿಯಿಲ್ಲದೆ ಬೆಳೆಯುತ್ತಿವೆ ಎಂಬುದು ಅಲ್ಲಿನವರೇ ಹಾಕಿದ ವಿಡಿಯೊಗಳಿಂದ 2023ರಲ್ಲಿ ಬೆಳಕಿಗೆ ಬಂದು, ಪೂಸಾದ ನಿರ್ದೇಶಕರು ಬಹಿರಂಗವಾಗಿ ಆಕ್ಷೇಪಿಸಿದರು. ಸಂಸ್ಥೆಗೆ ಇದರಿಂದ ಕೋಪ ಬಂದದ್ದು ಸಹಜವೇ. ತಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಸಿಗುವುದೂ ಕಷ್ಟ.

ಕುಲಾಂತರಿ ಅಲ್ಲ

‘ಜೀನ್ ಸೇರಿಸಿದ ಬಾಸ್ಮತಿ’ ಎಂದೊಡನೆ ಇದು ಬಿಟಿ ಹತ್ತಿಯಂಥ ಕುಲಾಂತರಿ ಎಂದು ತಿಳಿಯುವವರಿದ್ದಾರೆ. ಇಲ್ಲಿ ವಂಶವಾಹಿಗಳು ಸಾಗಿದ್ದು ಪರಾಗಸ್ಪರ್ಶದಿಂದ, ಭತ್ತದಿಂದ ಭತ್ತಕ್ಕೆ. ಪ್ರಯೋಗಾಲಯ ಮಾಡಿದ್ದು ಆರಿಸುವ ಕೆಲಸ ಮಾತ್ರ. ಆದ್ದರಿಂದ ಇವಕ್ಕೆ ಕುಲಾಂತರಿ ಬೆಳೆಗಳ ಅನುಮತಿ ಸಮಿತಿಯ ಮುಂದೆ ಹೋಗುವ ಅಗತ್ಯ ಬೀಳಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದಲ್ಲಿ ದೀಪಕ್ ಪೆಂಟಾಲ್ ಅವರ ತಂಡ ರೂಪಿಸಿದ ಡಿಎಂಎಚ್11 ಸಾಸಿವೆ ಕುಲಾಂತರಿ. ಅದಕ್ಕೆ 2022ರ ಅಕ್ಟೋಬರಿನಲ್ಲಿ ಸಿಕ್ಕ ಒಪ್ಪಿಗೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, 2024ರ ಜುಲೈಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ರಫ್ತು ಮಾಡುವ ಬಾಸ್ಮತಿಯನ್ನು ಆ ಹಾದಿಯಲ್ಲಿ ಒಯ್ಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಯುರೋಪಿನ ಕೊಳ್ಳುಗರು ಮೊದಲ ದಿನವೇ ಬಾಗಿಲು ಮುಚ್ಚುತ್ತಿದ್ದರು.

ಜೀನೋಮ್ ತಿದ್ದುಪಡಿ ಇವೆರಡರ ನಡುವಿನ ದಾರಿ. ಮೂರು ಸ್ವೀಟ್ ವಂಶವಾಹಿಗಳ ನಿಯಂತ್ರಣ ಭಾಗವನ್ನು ಏಕಕಾಲಕ್ಕೆ ತಿದ್ದಿ ಅಂಗಮಾರಿಯನ್ನು ತಡೆಯುವ ಭತ್ತವನ್ನು ಜರ್ಮನಿ, ಅಮೆರಿಕ, ಫ್ರಾನ್ಸ್, ಫಿಲಿಪೀನ್ಸ್ ದೇಶಗಳ ಸಂಶೋಧಕರು ಕೂಡಿ 2019ರಲ್ಲಿ ತೋರಿಸಿಕೊಟ್ಟರು. ಎಕ್ಸ್‌ಎ13ರಲ್ಲಿ ನಿಸರ್ಗ ಮಾಡಿದ್ದನ್ನೇ ಅವರು ಕತ್ತರಿ ಹಿಡಿದು ಇನ್ನೂ ವಿಸ್ತಾರವಾಗಿ ಮಾಡಿದರು. ಹೊರಗಿನ ಡಿಎನ್‌ಎ ಉಳಿಯದ ಇಂಥ ತಿದ್ದುಪಡಿಗಳಿಗೆ ಭಾರತ ಸರ್ಕಾರ 2022ರಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪ್ರಕಟಿಸಿದ ದೇಶದ ಮೊದಲ ಎರಡು ತಿದ್ದುಪಡಿ ಭತ್ತಗಳಲ್ಲಿ ಒಂದು ಪೂಸಾದ್ದೇ, ಆದರೆ ಅದರ ಗುರಿ ಬರ ಮತ್ತು ಸವಳನ್ನು ತಾಳಿಕೊಳ್ಳುವುದು.

ಕರ್ನಾಟಕದ ನಂಟು

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರಿಗೆ ಅಂಗಮಾರಿ ಹಳೆಯ ಪರಿಚಯ. ಅಲ್ಲಿ ‘ಬಿಪಿಟಿ’ ಎಂದು ಕರೆಯುವ ಸಾಂಬಾ ಮಸೂರಿಗೆ ಒಳ್ಳೆಯ ಬೆಲೆಯಿದೆ, ರೋಗ ತಡೆಯುವ ಶಕ್ತಿಯಿಲ್ಲ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರವೂ ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆಯೂ ಸೇರಿ ಎಕ್ಸ್‌ಎ5, ಎಕ್ಸ್‌ಎ13, ಎಕ್ಸ್‌ಎ21 ಮೂರನ್ನೂ ಇದಕ್ಕೆ ದಾಟಿಸಿ ಸುಧಾರಿತ ಸಾಂಬಾ ಮಸೂರಿಯನ್ನು (ಆರ್‌ಪಿ ಬಯೋ 226) ತಂದವು. ಪೂಸಾದ ಮೊದಲ ತಳಿ ಹೊರಬಂದ ಆಸುಪಾಸಿನಲ್ಲೇ ಇದೂ ಬಂತು. ದೆಹಲಿ ಎರಡು ವಂಶವಾಹಿಗಳಿಗೆ ನಿಲ್ಲಿಸಿದ್ದನ್ನು ಹೈದರಾಬಾದು ಮೂರಕ್ಕೆ ಒಯ್ದಿತು. ಟೊಮೇಟೊ ಬೆಳೆಯುವ ಕೋಲಾರದ ಕಡೆಯವರಿಗೆ ದುಂಡಾಣು ಸೊರಗು ರೋಗ ಇನ್ನೂ ಹತ್ತಿರದ ಶತ್ರು. ಅದನ್ನು ತಡೆಯುವ ಅರ್ಕಾ ರಕ್ಷಕ್ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೊಡುಗೆ.

ದಾಳಿಂಬೆಯ ಕಥೆ ಇದಕ್ಕೆ ವಿರುದ್ಧ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ತೋಟಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಮಲಗಿಸಿದ ದುಂಡಾಣು ಅಂಗಮಾರಿಯನ್ನು ಭಾರತದಲ್ಲಿ ಮೊದಲು ದಾಖಲಿಸಿದ್ದು ದೆಹಲಿಯಲ್ಲೇ, 1952ರಲ್ಲಿ. ಭತ್ತದ ದುಂಡಾಣುವಿನ ಕುಲಕ್ಕೇ ಸೇರಿದ್ದು ಇದೂ. ಎಪ್ಪತ್ತು ವರ್ಷ ಕಳೆದರೂ ಒಳ್ಳೆಯ ಹಣ್ಣಿನ ಜೊತೆಗೆ ರೋಗವನ್ನು ತಡೆಯುವ ದಾಳಿಂಬೆ ರೈತನ ಕೈಗೆ ಬಂದಿಲ್ಲ. ಭತ್ತದ ಪಾಲಿಗಿದ್ದ ಬೀಜಭಂಡಾರದ ಸಿರಿ, ನಾಲ್ಕು ತಿಂಗಳಿಗೊಂದು ಪೀಳಿಗೆ ಎರಡೂ ಮರಜಾತಿಯ ದಾಳಿಂಬೆಗಿಲ್ಲ. ಒಂದು ಮರುಸಂಕರಣಕ್ಕೇ ವರ್ಷಗಳು ಬೇಕು. ಅಂಗಾಂಶ ಕೃಷಿಯ ಶುದ್ಧ ಸಸಿ, ಪಿಸಿಆರ್‌ನಿಂದ ರೋಗಪತ್ತೆ, ತೋಟಕ್ಕೆ ವಿಶ್ರಾಂತಿ ಕೊಟ್ಟು ಸವರುವ ಕ್ರಮ, ಇವೇ ಅಲ್ಲಿ ಸದ್ಯದ ಆಸರೆ. ಮಾರ್ಕರ್ ಇದ್ದ ಗುಣವನ್ನು ಹುಡುಕಿಕೊಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ನಿರೋಧಕತೆಯ ಆಯುಸ್ಸು

ಎರಡು ವಂಶವಾಹಿಗಳನ್ನು ಪೇರಿಸಿದ ಮಾತ್ರಕ್ಕೆ ದುಂಡಾಣು ಸುಮ್ಮನಿರುವುದಿಲ್ಲ. ಎಕ್ಸ್‌ಎ13 ಅಥವಾ ಎಕ್ಸ್‌ಎ21 ಒಂಟಿಯಾಗಿರುವ ಗಿಡಕ್ಕೆ ರೋಗ ತರಬಲ್ಲ ದುಂಡಾಣುಗಳು ದೇಶದ ಕೆಲವು ಕಡೆ ಈಗಾಗಲೇ ಸಿಕ್ಕಿವೆ. ಜೋಡಿಯಾಗಿದ್ದಾಗ ಅವು ಇನ್ನೂ ಬಹುಮಟ್ಟಿಗೆ ತಡೆಯುತ್ತಿವೆ. ಬಾಸ್ಮತಿ ಸೀಮೆಯ ಈ ನಿರೋಧಕ ತಳಿಗಳೆಲ್ಲ ಇದೇ ಜೋಡಿಯನ್ನು ನಂಬಿರುವುದು ಮುಂದಿನ ದಿನಗಳಿಗೆ ಅಷ್ಟು ಒಳ್ಳೆಯದಲ್ಲ. ಬದಲಿಗಾಗಿ ಹುಡುಕಾಟ ನಡೆದೇ ಇದೆ. ಕಾಡುಭತ್ತ ಒರೈಜಾ ನಿವಾರಾದಿಂದ ಬಂದ ಎಕ್ಸ್‌ಎ38ನ್ನು ಪೂಸಾ 1121ರ ಹಿನ್ನೆಲೆಗೆ ತಂದು ಹಳೆಯ ಜೋಡಿಯೊಡನೆ ಹೋಲಿಸಿ ನೋಡಿದೆ. ಅಖಿಲ ಭಾರತ ಭತ್ತ ಸುಧಾರಣಾ ಯೋಜನೆಯ ಕೇಂದ್ರಗಳಲ್ಲಿ ಬೇರೆ ಬೇರೆ ನಿರೋಧಕ ವಂಶವಾಹಿಗಳನ್ನು ಹೊತ್ತ ಐಆರ್‌ಬಿಬಿ ಸಾಲುಗಳನ್ನು ಮುಂಗಾರಿನಲ್ಲಿ ಅಕ್ಕಪಕ್ಕ ನೆಟ್ಟು ಅಲ್ಲಲ್ಲಿನ ದುಂಡಾಣುವನ್ನು ಹಚ್ಚುತ್ತಾರೆ. ಯಾವ ಊರಿನಲ್ಲಿ ಯಾವ ವಂಶವಾಹಿ ಸೋತಿತು, ಯಾವುದು ನಿಂತಿತು ಎಂಬುದು ಎಲೆಯ ಮೇಲಿನ ಮಚ್ಚೆಯ ಉದ್ದದಿಂದ ಗೊತ್ತಾಗುತ್ತದೆ, ಮುಂದಿನ ತಳಿಗೆ ದಾನಿ ಯಾವುದು ಎಂಬ ತೀರ್ಮಾನ ಆ ಅಳತೆಯ ಮೇಲೆ ನಡೆಯುತ್ತದೆ.